ಗಣಿ ಮುಚ್ಚಿದ ಮೇಲೆ ನಮ್ಮ ಹೊಣೆ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಜಾನ್ ಟೇಲರ್ ಕಂಪನಿಯವರು 1880ರಲ್ಲಿ ವಹಿಸಿಕೊಂಡ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಭೂಗರ್ಭದಲ್ಲಿ 3 ಕಿಲೋಮೀಟರಿಗೂ ಆಳಕ್ಕಿಳಿದು ದುಡಿದ ನಮ್ಮ ಹಿರಿಯರಿಗೆ ಅಂದು ಕೂಲಿಯೊಡನೆ ಊರಿನ ಆಧಾರವೇ ತಪ್ಪಿತು. ಅಂದಿನಿಂದ ನಮ್ಮ ಯುವಜನರು ನಸುಕಿನಲ್ಲೇ ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದಾರೆ.

ಯುದ್ಧದಿಂದ ನೊಂದ ಉತ್ತರ ಉಗಾಂಡದಲ್ಲಿ, ಅಪಹರಣಕ್ಕೆ ಹೆದರಿ ಹಳ್ಳಿಗಳಿಂದ ಗುಲು ಪಟ್ಟಣಕ್ಕೆ ಬಂದು ಬೀದಿಯಲ್ಲಿ ಮಲಗುತ್ತಿದ್ದ ಮಕ್ಕಳೊಡನೆ, ಅಂದಿನ ಮಹಾಧರ್ಮಾಧ್ಯಕ್ಷರಾದ ಜಾನ್ ಬ್ಯಾಪ್ಟಿಸ್ಟ್ ಒಡಾಮರವರು 2003ರಲ್ಲಿ ತಾವೂ ರಾತ್ರಿಗಳನ್ನು ಕಳೆದರು. ಅವರ ಕಷ್ಟ ಬೇರೆ, ನಮ್ಮದು ಬೇರೆ. ಆದರೆ ನೊಂದವರ ಬಳಿಗೆ ನಾವೇ ಹೋಗಬೇಕೆಂಬ ಪಾಠ ಒಂದೇ.

ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಲೈನುಮನೆಗಳಲ್ಲಿ ಮಲಗಿರುವ ಹಿರಿಯ ಗಣಿಗಾರರನ್ನು ವಾರಕ್ಕೊಮ್ಮೆಯಾದರೂ ಕಾಣೋಣ. ತಂದೆತಾಯಿಗಳು ರೈಲಿಳಿದು ಬರುವವರೆಗೆ ಮಕ್ಕಳನ್ನು ದೇವಾಲಯದ ಸಭಾಂಗಣದಲ್ಲಿ ಕೂರಿಸಿ ಪಾಠ ಹೇಳೋಣ. ಬಂದವರು ಯಾವ ಮತದವರೆಂದು ಕೇಳದಿರೋಣ. ಗಣಿಗಿಳಿಯುವ ಕೇಜಿನಲ್ಲಿ ನಮ್ಮ ಹಿರಿಯರು ಅದನ್ನು ಕೇಳಿದವರಲ್ಲ.

ನೂರು ವರ್ಷಗಳಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುವ ನಾವು, ಈ ಎರಡು ಸೇವೆಗಳನ್ನು ಬರುವ ಭಾನುವಾರದಿಂದಲೇ ಆರಂಭಿಸೋಣ. ದೇವರು ನಮ್ಮೆಲ್ಲರನ್ನೂ ಹರಸಲಿ.