ಉಪ್ಪು ತುಂಬಿದ ತೋಟಾ



ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ರಷ್ಯಾದ ಹಳ್ಳಿಗಳಲ್ಲಿ ಇದಕ್ಕೆ ಬೇರೆಯೇ ಒಂದು ಅರ್ಥವಿತ್ತು ಅನ್ನಬಹುದು. ಸೋವಿಯತ್ ಕಾಲದ ಸಾಮೂಹಿಕ ತೋಟಗಳಲ್ಲಿ ವಯಸ್ಸಾದ ಕಾವಲುಗಾರನೊಬ್ಬ ಕೋವಿ ಹಿಡಿದು ಕೂತಿರುತ್ತಿದ್ದನಂತೆ. ಸೇಬನ್ನೋ ಕಲ್ಲಂಗಡಿಯನ್ನೋ ಕದಿಯಲು ಹುಡುಗರು ಬೇಲಿ ಹಾರಿದರೆ ಈಡು ಹೊಡೆಯುತ್ತಿದ್ದನಂತೆ. ತೋಟಾದೊಳಗೆ ಸೀಸದ ಚರೆಯ ಬದಲು ದಪ್ಪ ಉಪ್ಪು. ಕುಂಡೆಗೆ ಪೆಟ್ಟು ತಿಂದ ಹುಡುಗ ಓಡಿಹೋಗಿ ಹೊಳೆಯಲ್ಲಿ ಕೂರಬೇಕು, ಚರ್ಮದೊಳಗೆ ಹೊಕ್ಕ ಉಪ್ಪು ಕರಗುವ ತನಕ. ಅಲ್ಲಿನ ಹಿರಿಯರು ಬಾಲ್ಯವನ್ನು ನೆನೆದು ಮಾತಾಡುವಾಗ ಈ ಕಥೆ ಬಂದೇ ಬರುತ್ತದೆ.

ಸೋಜಿಗವೆಂದರೆ, ಇದೇ ಕಥೆ ಅಮೆರಿಕದ ಹಳ್ಳಿಗಳಲ್ಲೂ ಇದೆ. ಅಲ್ಲಿಯೂ ಅದೇ ಕಲ್ಲಂಗಡಿ ಹೊಲ, ಅದೇ ಸೇಬಿನ ತೋಟ, ಅದೇ ಉಪ್ಪು. ಅರ್ಧ ಶತಮಾನ ಒಬ್ಬರ ಮೇಲೊಬ್ಬರು ಹಲ್ಲು ಮಸೆದ ಎರಡು ದೇಶಗಳ ರೈತರು ಹಣ್ಣುಗಳ್ಳನ ವಿಷಯದಲ್ಲಿ ಒಂದೇ ತೀರ್ಪಿಗೆ ಬಂದಿದ್ದರು. ಆ ತೀರ್ಪಿನ ಚರಿತ್ರೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಉಪ್ಪೇ ಯಾಕೆ? ಕೈಗೆ ಸಿಗುತ್ತಿದ್ದುದು ಅದೇ. ಅಮೆರಿಕದ ರೈತನ ಮನೆಯಲ್ಲಿ ಕಲ್ಲುಪ್ಪಿನ ಮೂಟೆ ಇದ್ದೇ ಇರುತ್ತಿತ್ತು. ಹಂದಿಮಾಂಸವನ್ನು ಕೆಡದಂತೆ ಇಡಲು ಉಪ್ಪು, ದನಕರು ನೆಕ್ಕಲು ಉಪ್ಪು. 1843ರಲ್ಲಿ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ, ಅದರ ಮರದ ಬಕೆಟ್ಟಿಗೆ ಮಂಜುಗಡ್ಡೆಯ ಜೊತೆ ಸುರಿಯಲೂ ಅದೇ ಉಪ್ಪು ಬೇಕಾಯಿತು. ಇನ್ನು ಕೋವಿ. ಬಾಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಏನು ಹಾಕಿದರೂ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಚರೆಕೋವಿಗೆ, ಮತ್ತೆ ತುಂಬಬಹುದಾದ ಕಾಗದದ ತೋಟಾಗಳು ಬಂದವು. ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುವ ರೂಢಿ ಬೆಳೆಯಿತು. ಚರೆಯನ್ನು ಸುರಿದು, ಆ ಜಾಗಕ್ಕೆ ಉಪ್ಪು ತುಂಬಿ, ಬಾಯಿಗೆ ಮೇಣ ಬಿಟ್ಟರೆ ಕಾವಲಿನ ತೋಟಾ ಸಿದ್ಧ.

ಆ ತೋಟಾದೊಳಗೆ ಸ್ವಲ್ಪ ಇಣುಕಿ ನೋಡೋಣ. ನಮ್ಮ ಮಲೆನಾಡಿನವರಿಗೂ ಪರಿಚಯವಿರುವ ಹನ್ನೆರಡು ಬೋರಿನ ಕೋವಿಯನ್ನೇ ತೆಗೆದುಕೊಳ್ಳಿ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ 12 ಗುಂಡುಗಳನ್ನು ಮಾಡಿದರೆ ಒಂದು ಗುಂಡು ಎಷ್ಟು ದಪ್ಪ ಬರುತ್ತದೋ ಅಷ್ಟೇ ಅದರ ನಳಿಗೆಯ ಒಳಅಳತೆ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಒಂದು ಘನ ಸೆಂಟಿಮೀಟರ್ ಸೀಸ 11 ಗ್ರಾಂಗೂ ಹೆಚ್ಚು ತೂಗುತ್ತದೆ. ಅಷ್ಟೇ ಗಾತ್ರದ ಉಪ್ಪಿನ ಹರಳು 2 ಗ್ರಾಂ ಚಿಲ್ಲರೆ. ಹಗುರವಾದ, ಅಂಕುಡೊಂಕಾದ ಹರಳು ಗಾಳಿಯನ್ನು ಸೀಳಿಕೊಂಡು ದೂರ ಹೋಗಲಾರದು. ಮದ್ದಿನ ಹೊಡೆತಕ್ಕೆ ಹಲವು ಹರಳುಗಳು ನಳಿಗೆಯಲ್ಲೇ ಪುಡಿಯಾಗುತ್ತವೆ. ಒಂದಷ್ಟು ಹೆಜ್ಜೆ ಆಚೆಗಿದ್ದವನಿಗೆ ಅದು ಉರಿಯುವ ಚುರುಕು. ಇನ್ನೂ ದೂರದಲ್ಲಿದ್ದವನಿಗೆ ಬರೀ ಸದ್ದು.

ಉಪ್ಪಿಗೆ ಇನ್ನೊಂದು ಗುಣವೂ ಇದೆ. ಅದು ನೀರೆಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟ ತೋಟಾದಲ್ಲಿ ಹರಳುಗಳೆಲ್ಲ ಅಂಟಿ ಒಂದೇ ಗಟ್ಟಿಯಾಗುತ್ತವೆ. ಆಗ ಹೊರಬರುವುದು ಚುರುಕು ಮುಟ್ಟಿಸುವ ಹರಳಲ್ಲ, ಗುಂಡಿನಂಥ ಉಂಡೆ. ಹಾರಿಸಿದ ಮೇಲೆ ಉಳಿಯುವ ಪುಡಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಕೋವಿಯನ್ನು ಎಣ್ಣೆ ಹಾಕಿ ಒರೆಸಿ ಮಗುವಿನಂತೆ ಕಾಪಾಡುವ ರೈತ ಉಪ್ಪಿನ ಈಡನ್ನು ಪದೇ ಪದೇ ಹಾರಿಸಿರಲಾರ. ಹಾಗಾಗಿ ಹಾರಿಸಿದ್ದಕ್ಕಿಂತ ಹೇಳಿದ್ದೇ ಹೆಚ್ಚು ಎಂದು ನನಗನ್ನಿಸುತ್ತದೆ.

ಆದರೂ ಕಥೆ ಬಾಳಿತು. ಅದಕ್ಕೆ ಕಾರಣವಿದೆ. ಹಳ್ಳಿಯಲ್ಲಿ ಕಳ್ಳ ಎಲ್ಲಿಂದಲೋ ಬಂದವನಲ್ಲ, ಪಕ್ಕದ ಮನೆಯ ಹುಡುಗ. ನಾಳೆ ಬೆಳಿಗ್ಗೆ ಅವನಪ್ಪನ ಮುಖ ನೋಡಬೇಕು. ಬೈದರೆ ಸಾಲದು, ಕೊಂದರೆ ಸಲ್ಲದು. ಈ ಎರಡರ ನಡುವೆ ಒಂದು ಶಿಕ್ಷೆಯನ್ನು ರೈತ ಹುಡುಕುತ್ತಿದ್ದ. ಸೀಸ ತೆಗೆದು ಉಪ್ಪು ತುಂಬುವ ಆ ಕೈಯಲ್ಲಿ ಸಿಟ್ಟೂ ಇತ್ತು, ಕರುಣೆಯೂ ಇತ್ತು.

ಆ ಕರುಣೆಯನ್ನು ಕೋವಿ ಕೇಳಿಸಿಕೊಳ್ಳುತ್ತದೆಯೇ? ಇದಕ್ಕೆ ನ್ಯಾಯಾಲಯಗಳ ಚರಿತ್ರೆಯಲ್ಲಿ ಉತ್ತರವಿದೆ. ಇಂಗ್ಲೆಂಡಿನಲ್ಲಿ ತಂತಿ ಎಡವಿದರೆ ತಾನಾಗಿ ಸಿಡಿಯುವ ಕೋವಿಗಳನ್ನು ತೋಟದಲ್ಲಿ ಹೂಡುತ್ತಿದ್ದರು. 1825ರಲ್ಲಿ ತಪ್ಪಿಸಿಕೊಂಡ ನವಿಲನ್ನು ಹಿಡಿಯಲು ಟ್ಯೂಲಿಪ್ ತೋಟದ ಗೋಡೆ ಹತ್ತಿದ ಯುವಕನೊಬ್ಬ ಅದಕ್ಕೆ ಸಿಕ್ಕಿ ಗಾಯಗೊಂಡ. 1827ರಲ್ಲಿ ಅಂಥ ಕೋವಿಗಳನ್ನು ಕಾನೂನು ನಿಷೇಧಿಸಿತು. ಮರುವರ್ಷ ನ್ಯಾಯಾಲಯ ಆ ಯುವಕನ ಪರ ನಿಂತಿತು.

1967ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಇಂಥದ್ದೇ ಇನ್ನೊಂದು ಘಟನೆ. ಪಾಳು ಬಿದ್ದ ತೋಟದ ಮನೆಗೆ ಮತ್ತೆ ಮತ್ತೆ ಕಳ್ಳರು ನುಗ್ಗುತ್ತಿದ್ದುದರಿಂದ ಬೇಸತ್ತ ದಂಪತಿ ಮಲಗುವ ಕೋಣೆಯೊಳಗೆ ಕೋವಿ ಹೂಡಿದರು. ಗಂಡ ಅದನ್ನು ಹೊಟ್ಟೆಯ ಮಟ್ಟಕ್ಕೆ ಇಟ್ಟಿದ್ದ. ಕಾಲಿಗೆ ಬೀಳುವಂತೆ ಇಳಿಸಿ ಎಂದವಳು ಹೆಂಡತಿ. ಉಪ್ಪು ತುಂಬಿದವರ ಮನಸ್ಸೇ ಅದು. ಹಳೆಯ ಸೀಸೆಗಳಿಗಾಗಿ ಬಂದವನ ಕಾಲು ಛಿದ್ರವಾಯಿತು. ಕ್ಯಾಟ್ಕೊ ವಿರುದ್ಧ ಬ್ರೈನಿ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ದಂಪತಿ 30,000 ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ರಾಜ್ಯದ ಸುಪ್ರೀಂ ಕೋರ್ಟ್ 1971ರಲ್ಲಿ ಎತ್ತಿಹಿಡಿಯಿತು. ಆಸ್ತಿಗಿಂತ ಜೀವ ದೊಡ್ಡದು ಎಂಬುದು ಅದರ ಸಾರ.

ತೋಟಾದಲ್ಲಿ ಗುಂಡೇ ಇಲ್ಲದಿದ್ದರೂ ಅಪಾಯ ತಪ್ಪದು. 1984ರಲ್ಲಿ ಅಮೆರಿಕದ ಕಿರುತೆರೆ ನಟ ಜಾನ್-ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಗುಂಡಿಲ್ಲದ ತೋಟಾ ಇದ್ದ ರಿವಾಲ್ವರನ್ನು ಆಟಕ್ಕೆಂದು ಹಣೆಯ ಪಕ್ಕಕ್ಕಿಟ್ಟು ಒತ್ತಿದ. ಆ ಸಿಡಿತದ ರಭಸಕ್ಕೇ ಪ್ರಾಣ ಹೋಯಿತು. ಹತ್ತಿರದಿಂದ ಹಾರಿಸಿದ ಉಪ್ಪು ಕಣ್ಣಿಗೆ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಉಪ್ಪಿನ ತೋಟಾ ಮುಂದೆ ಸಿನಿಮಾಕ್ಕೂ ಬಂತು. 2004ರ 'ಕಿಲ್ ಬಿಲ್' ಎರಡನೆಯ ಭಾಗದಲ್ಲಿ ನಾಯಕಿಯನ್ನು ಕೆಡವುವುದು ಅದೇ. 2005ರಲ್ಲಿ ಶುರುವಾದ 'ಸೂಪರ್‌ನ್ಯಾಚುರಲ್' ಧಾರಾವಾಹಿಯಲ್ಲಿ ಅಣ್ಣತಮ್ಮಂದಿರು ಅದರಿಂದ ದೆವ್ವ ಓಡಿಸುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವ ನಮಗೆ ಆ ನಂಬಿಕೆಯ ಬೇರು ಹೇಳಿಕೊಡಬೇಕಿಲ್ಲ.

ಬೆಳೆ ಕಾಯುವ ಕಷ್ಟವೂ ನಮಗೆ ಹೊಸದಲ್ಲ. ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿ, ಕವಣೆ ಬೀಸಿ, ತಮಟೆ ಬಡಿದು ರಾತ್ರಿ ಕಳೆದವರು ನಮ್ಮ ಹಿರಿಯರು. ಮಲೆನಾಡು, ಕೊಡಗಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿ ಇದೆ. ಆ ಮನೆಯವರಿಗೆ ನನ್ನದೊಂದು ಮಾತು. ಆಸ್ತಿ ಕಾಯುವ ಹಕ್ಕನ್ನು ನಮ್ಮ ಕಾನೂನು ಕೊಟ್ಟಿದೆ. ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಕೇಡು ಮಾಡಬಾರದೆಂದು 1860ರ ದಂಡ ಸಂಹಿತೆಯೂ ಹೇಳಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಒಳಗೆ ಉಪ್ಪಿದ್ದರೂ ಕೋವಿ ಕೋವಿಯೇ.

ಹೊಲಗಳನ್ನು ಕಾಯ್ದದ್ದು ಉಪ್ಪಿನ ಈಡಲ್ಲ, ಉಪ್ಪಿನ ಕಥೆ. ಹೊಳೆಯಲ್ಲಿ ಕೂತ ಒಬ್ಬ ಹುಡುಗನ ಸುದ್ದಿ ಕೇಳಿ ನೂರು ಹುಡುಗರು ಬೇಲಿ ಹಾರದೆ ಉಳಿದಿರಬೇಕು. ಆ ಕಥೆಯನ್ನು ಮಕ್ಕಳಿಗೆ ಧಾರಾಳವಾಗಿ ಹೇಳಿ. ತೋಟಾಕ್ಕೆ ಮಾತ್ರ ಉಪ್ಪು ತುಂಬಬೇಡಿ.