ಆಕ್ಷೇಪಣೆ ಹೇಳೋಕೆ ನೀವ್ಯಾರು?

ಇವತ್ತು ಒಂದು ತಗಡಿನ ಶೀಟಿನ ವಿಷಯ ಮಾತಾಡೋಣ.

ನಿಮ್ಮ ಮನೆಯ ಹಿಂದೆ ಒಂದು ಖಾಲಿ ಜಾಗ ಇರುತ್ತೆ. ಹುಣಸೆಮರ ಇರುತ್ತೆ, ಮಕ್ಕಳು ಕ್ರಿಕೆಟ್ ಆಡ್ತಿರ್ತಾರೆ. ಒಂದು ದಿನ ಬೆಳಗ್ಗೆ ಎದ್ದು ಬಾಲ್ಕನಿಗೆ ಬಂದರೆ ಜಾಗದ ಸುತ್ತ ನೀಲಿ ತಗಡಿನ ಶೀಟು ನಿಂತಿರುತ್ತೆ. ಅದರ ಮೇಲೆ ಬಣ್ಣದ ಚಿತ್ರ. ಈಜುಕೊಳದ ಪಕ್ಕ ನಗುತ್ತಾ ಕೂತ ಗಂಡ, ಹೆಂಡತಿ, ಒಂದು ಮಗು, ಒಂದು ನಾಯಿ. ನಾಲ್ಕು ಟವರ್, ಇಪ್ಪತ್ತು ಮಹಡಿ, ಬುಕಿಂಗ್ ಆರಂಭ. ನಿಮ್ಮ ಬಡಾವಣೆಗೆ ಸಾವಿರ ಕುಟುಂಬ ಬರುತ್ತೆ ಅನ್ನೋ ಸುದ್ದಿ ನಿಮಗೆ ಗೊತ್ತಾಗೋದು ಆ ಶೀಟಿನಿಂದ. ಬಿಡಿಎಯಿಂದಲ್ಲ, ಪಾಲಿಕೆಯಿಂದಲ್ಲ, ಜಲಮಂಡಳಿಯಿಂದಲೂ ಅಲ್ಲ.

ಅಲ್ಲಿಂದ ಮುಂದಿನದ್ದು ನಿಮಗೇ ಗೊತ್ತು. ವಾಟ್ಸಾಪ್ ಗ್ರೂಪ್ ಕುದಿಯುತ್ತೆ. ಭಾನುವಾರ ಪಾರ್ಕಿನಲ್ಲಿ ನಿವಾಸಿಗಳ ಸಂಘದ ಸಭೆ. ಒಂದು ಬ್ಯಾನರ್. ಆಮೇಲೆ ನಮ್ಮ ಚಾನೆಲ್‌ಗೆ ಫೋನು: "ಸಾರ್, ಒಂದು ಕ್ಯಾಮೆರಾ ಕಳಿಸಿ." ಕ್ಯಾಮೆರಾ ಹೋದಾಗ ಗೇಟಿನ ಒಳಗಿಂದ ಬಿಲ್ಡರ್ ಕಡೆಯವರೊಬ್ಬರು ಬಂದು ಕೇಳೋದು ಒಂದೇ ಪ್ರಶ್ನೆ. "ಜಾಗ ನಮ್ಮದು, ದುಡ್ಡು ನಮ್ಮದು, ಪ್ಲ್ಯಾನ್ ಪಾಸಾಗಿದೆ. ಆಕ್ಷೇಪಣೆ ಹೇಳೋಕೆ ನೀವ್ಯಾರು?"

ಇದು ದುರಹಂಕಾರದ ಮಾತು ಅಂತ ಬೈದು ಸುಮ್ಮನಾಗಬಹುದು. ಆದರೆ ನಾನು ಇದನ್ನು ಪ್ರಶ್ನೆಯಾಗಿಯೇ ತಗೊಳ್ತೀನಿ. ಯಾಕಂದ್ರೆ ಇದಕ್ಕೆ ಉತ್ತರ ಇದೆ. ಅದನ್ನು ಕೊಟ್ಟಿರೋದು ಸುಪ್ರೀಂ ಕೋರ್ಟು, ಅದೂ ಬೆಂಗಳೂರಿನ ಒಂದು ಬಡಾವಣೆಯ ಜನರ ವಿಷಯದಲ್ಲೇ.

ರಾಜಮಹಲ್ ವಿಲಾಸ್ ಬಡಾವಣೆ. ಇವತ್ತು ಸದಾಶಿವನಗರ ಅಂತೀವಲ್ಲ, ಆ ಭಾಗ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಅಂತ ಬಿಟ್ಟಿದ್ದ ಜಾಗವನ್ನು ಎಪ್ಪತ್ತರ ದಶಕದಲ್ಲಿ ಸರ್ಕಾರ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟುಬಿಟ್ಟಿತು. ಮುಖ್ಯಮಂತ್ರಿಗಳ ಕಚೇರಿಯಿಂದಲೇ ಬಂದ ನಿರ್ದೇಶನ. ಸುತ್ತಮುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು. ಆಗಲೂ ಎದುರಾದ ವಾದ ಇದೇ: ಇವರ ಸ್ವಂತ ಆಸ್ತಿಗೆ ಏನೂ ಆಗಿಲ್ಲ, ಇವರಿಗೆ ಪ್ರಶ್ನಿಸುವ ಹಕ್ಕು ಎಲ್ಲಿಂದ ಬಂತು? 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣ ಅಂತಲೇ ಅದು ಪ್ರಸಿದ್ಧ. ಬಡಾವಣೆಯ ಗಾಳಿ, ಬಯಲು, ಉದ್ಯಾನ ಇವೆಲ್ಲ ಅಲ್ಲಿ ಬದುಕುವವರ ಹಿತಕ್ಕೆ ಸೇರಿದ್ದು, ಆದ್ದರಿಂದ ಅಲ್ಲಿನ ನಿವಾಸಿ ಕೇಳಬಹುದು ಅಂತ ಕೋರ್ಟ್ ಹೇಳಿತು. ಉದ್ಯಾನ ಉಳೀತು. ಹಾಗಾಗಿ ಮುಂದಿನ ಸಲ ಯಾರಾದರೂ ನೀವ್ಯಾರು ಅಂತ ಕೇಳಿದರೆ ಗಾಬರಿಯಾಗಬೇಡಿ.

ಸರಿ, ಕೇಳುವ ಹಕ್ಕಿದೆ. ಆದರೆ ಯಾವಾಗ ಕೇಳೋದು, ಯಾರನ್ನು ಕೇಳೋದು? ತೊಡಕು ಶುರುವಾಗೋದೇ ಇಲ್ಲಿಂದ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಒಂದಿದೆ, 1961ರದ್ದು. ಊರಿನ ಮಹಾಯೋಜನೆ, ಅಂದ್ರೆ ಮಾಸ್ಟರ್ ಪ್ಲ್ಯಾನ್ ತಯಾರಾದಾಗ ಜನರಿಂದ ಆಕ್ಷೇಪಣೆ ಕರೀಬೇಕು, ಅರವತ್ತು ದಿನ ಕೊಡಬೇಕು. ಆಮೇಲೆ ಒಂದು ಜಾಗದ ಭೂಬಳಕೆ ಬದಲಾಯಿಸಬೇಕಾದರೆ, ಉದಾಹರಣೆಗೆ ಕೈಗಾರಿಕೆಗೆ ಇಟ್ಟಿದ್ದನ್ನು ವಸತಿಗೆ ಕೊಡಬೇಕಾದರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ ಹದಿನೈದು ದಿನ ಆಕ್ಷೇಪಣೆಗೆ ಕಾಯಬೇಕು. 14ಎ ಕಲಂ. ಕಾಗದದ ಮೇಲೆ ಎಷ್ಟು ಚೆಂದ ಅಲ್ವಾ?

ಈಗ ಆ ಪ್ರಕಟಣೆಯನ್ನು ನೋಡಿದ್ದೀರಾ? ಒಳಪುಟದಲ್ಲಿ, ಟೆಂಡರ್ ನೋಟಿಸಿಗೂ ಕಾಣೆಯಾದವರ ಪ್ರಕಟಣೆಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅಪಾರ್ಟ್‌ಮೆಂಟಿನ ಹೆಸರಿರಲ್ಲ. ನಿಮ್ಮ ಬಡಾವಣೆಯ ಹೆಸರಿರಲ್ಲ. ಸರ್ವೆ ನಂಬರ್, ಹೋಬಳಿ, ಯಾವಾಗಲೋ ಮರೆತುಹೋದ ಒಂದು ಹಳ್ಳಿಯ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ. ನಿಮ್ಮ ಮನೆ ಯಾವ ಸರ್ವೆ ನಂಬರಿನಲ್ಲಿದೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ ನೋಡೋಣ. ಹದಿನೈದು ದಿನ ಹಾಗೇ ಕಳೆದುಹೋಗುತ್ತೆ. ಕಡತದಲ್ಲಿ ಒಂದು ಸಾಲು ಬರುತ್ತೆ: ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ಇನ್ನು ಆ ಜಾಗ ಮಾಸ್ಟರ್ ಪ್ಲ್ಯಾನಿನಲ್ಲಿ ಮೊದಲೇ ವಸತಿ ವಲಯ ಅಂತ ಇದ್ದರೆ ಆ ಹದಿನೈದು ದಿನವೂ ಇಲ್ಲ. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದದ್ದು 2015ರ ಮಹಾಯೋಜನೆ. ಅದಾದ ಮೇಲೆ 2031ರದ್ದು ಅಂತ ಕರಡು 2017ರ ನವೆಂಬರಿನಲ್ಲಿ ಬಂತು. ಜನ ಸಾವಿರಗಟ್ಟಲೆ ಆಕ್ಷೇಪಣೆ ಬರೆದು ಕೊಟ್ಟರು. 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸ್ ತಗೊಳ್ತು. ಅಂದರೆ ನೀವು 2012ರಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದ್ದರೆ, ನಿಮ್ಮ ಪಕ್ಕದ ಜಾಗದ ಬಗ್ಗೆ ಆಕ್ಷೇಪಣೆ ಹೇಳೋ ಅವಕಾಶ ನೀವು ಬರುವ ಮೊದಲೇ ಮುಗಿದುಹೋಗಿದೆ!

ಇದಕ್ಕಿಂತ ದೊಡ್ಡದೊಂದು ವಿಷಯ ಹೇಳ್ತೀನಿ, ಗಮನ ಕೊಡಿ. ನಿಮ್ಮೂರ ಹತ್ತಿರ ಒಂದು ಸಿಮೆಂಟ್ ಕಾರ್ಖಾನೆ ಬರುತ್ತೆ ಅಂದುಕೊಳ್ಳಿ. ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ಶಾಮಿಯಾನ ಹಾಕಿ ಸಾರ್ವಜನಿಕ ಅಹವಾಲು ಸಭೆ ಮಾಡಬೇಕು. ರೈತ ಎದ್ದು ನಿಂತು ಮೈಕಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳಬೇಕು. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ಹಾಗೆ ಹೇಳುತ್ತೆ. ಅದೇ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮುಟ್ಟಿದ ಕಟ್ಟಡಗಳಿಗೂ ಪರಿಸರ ಅನುಮತಿ ಬೇಕು. ದೊಡ್ಡ ಅಪಾರ್ಟ್‌ಮೆಂಟುಗಳೆಲ್ಲ ಇದರಲ್ಲಿ ಬರುತ್ತವೆ. ಆದರೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಜನರ ಅಹವಾಲು ಕೇಳುವುದರಿಂದ ವಿನಾಯಿತಿ ಕೊಟ್ಟಿದ್ದಾರೆ. ಅಧಿಸೂಚನೆಯಲ್ಲೇ ಇದೆ. ನಾಲ್ಕು ಸಾವಿರ ಜನ ನಿಮ್ಮ ಬೀದಿಗೆ ಬರ್ತಾರೆ, ನಿಮ್ಮನ್ನೊಂದು ಮಾತು ಕೇಳಬೇಕಾಗಿಲ್ಲ.

ನಾಲ್ಕು ಸಾವಿರ ಜನ ಅಂದ್ರೆ ಏನು ಅಂತ ನೀರಿನ ಲೆಕ್ಕದಲ್ಲಿ ನೋಡೋಣ. ಸಾವಿರ ಫ್ಲ್ಯಾಟು, ಮನೆಗೆ ನಾಲ್ಕು ಜನ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ಒಟ್ಟು 5,40,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 90. "ಇಲ್ಲ ಸಾರ್, ನಾವು ಎಸ್‌ಟಿಪಿ ಹಾಕ್ತೀವಿ, ಟಾಯ್ಲೆಟ್ಟಿಗೆ ಶುದ್ಧೀಕರಿಸಿದ ನೀರು" ಅಂತಾರೆ ಬಿಲ್ಡರು. ಒಪ್ಪೋಣ. ತಲೆಗೆ 45 ಲೀಟರ್ ಕಳೀರಿ. ಆಗಲೂ 60 ಟ್ಯಾಂಕರ್. ಹಗಲೂ ರಾತ್ರಿ ಇಪ್ಪತ್ತನಾಲ್ಕು ನಿಮಿಷಕ್ಕೊಂದು ಟ್ಯಾಂಕರ್ ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ಹೋಗಬೇಕು. ಕಾವೇರಿ ಬರೋವರೆಗೆ.

ಕಾವೇರಿ ಬಂದಿದೆಯಲ್ಲ ಅಂತೀರಾ? 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್. ಆ ನೀರು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ಹದಿನೇಳು ವರ್ಷ ಕಾದವರಿಗೆ. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಕೊಡ ಹಿಡಿದು ಆರ್‌ಓ ಘಟಕದ ಮುಂದೆ ನಿಂತಿದ್ದನ್ನು ನೀವೂ ಮರೆತಿಲ್ಲ, ನಾವೂ ತೋರಿಸಿದ್ದೀವಿ.

ಹಾಗಾದರೆ ಕೋರ್ಟೇ ಗತಿಯಾ? ಅಗರ ಕೆರೆಗೂ ಬೆಳ್ಳಂದೂರು ಕೆರೆಗೂ ನಡುವಿನ ಜಾಗದ ಕಥೆ ಕೇಳಿ. ಐಟಿ ಪಾರ್ಕು, ಹೋಟೆಲು, ಅಪಾರ್ಟ್‌ಮೆಂಟು ಎಲ್ಲ ಸೇರಿದ ದೊಡ್ಡ ಯೋಜನೆ. ಫಾರ್ವರ್ಡ್ ಫೌಂಡೇಶನ್ ಮತ್ತಿತರ ನಾಗರಿಕ ಸಂಘಟನೆಗಳು ಹಸಿರು ನ್ಯಾಯಮಂಡಳಿಗೆ ಹೋದವು. ಕಂಪನಿಗಳಿಗೆ ಕೋಟಿಗಟ್ಟಲೆ ದಂಡ ಬಿತ್ತು. 2016ರ ಮೇ 4ರಂದು ನ್ಯಾಯಮಂಡಳಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳಿಗೆ ದರ್ಜೆಯ ಮೇಲೆ 50, 35, 25 ಮೀಟರ್ ಬಫರ್ ಬಿಡಬೇಕು ಅಂತ ಆದೇಶ ಮಾಡಿತು. ಕೆರೆಗೆ ಮೊದಲಿದ್ದದ್ದು 30 ಮೀಟರ್. ಪಟಾಕಿ ಹೊಡೆದವರಿದ್ದಾರೆ. 2019ರ ಮಾರ್ಚ್ 5ಕ್ಕೆ ಸುಪ್ರೀಂ ಕೋರ್ಟ್ ಆ ಬಫರ್ ಆದೇಶವನ್ನು ರದ್ದು ಮಾಡಿತು. ಮಾಸ್ಟರ್ ಪ್ಲ್ಯಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅನ್ನೋದು ಕಾರಣ. ಮತ್ತೆ 30 ಮೀಟರ್. ಮತ್ತೆ ಎಲ್ಲಿಗೆ ಬಂದು ನಿಂತಿತು ನೋಡಿ, ಅದೇ ಮಾಸ್ಟರ್ ಪ್ಲ್ಯಾನ್. ಜನರನ್ನು ಕೇಳಬೇಕಾದ ಕಡೆ ಸರಿಯಾಗಿ ಕೇಳದೇ ಇದ್ದರೆ ಆಮೇಲೆ ಕೋರ್ಟಿನಲ್ಲಿ ಎಷ್ಟು ವರ್ಷ ತಿರುಗಿದರೂ ಮೀಟರ್ ಪಟ್ಟಿ ಅಲ್ಲಿಗೇ ವಾಪಸ್ ಬರುತ್ತೆ.

ಇಷ್ಟು ಹೊತ್ತು ನಿವಾಸಿಗಳ ಪರ ಮಾತಾಡಿದೆ. ಈಗ ನಿವಾಸಿಗಳಿಗೂ ಎರಡು ಮಾತು. ಬೇಜಾರು ಮಾಡ್ಕೋಬೇಡಿ.

ನಮಗೆ ಬರುವ ಮನವಿಗಳಲ್ಲಿ ಮೊದಲ ಪುಟ ಕೆರೆ, ಕಾಲುವೆ, ಮರ, ನೀರು. ಎರಡನೇ ಪುಟಕ್ಕೆ ಬಂದರೆ ಬೇರೆ ದನಿ ಕೇಳುತ್ತೆ. "ನಮ್ಮ ಏರಿಯಾದ ಸ್ಟ್ಯಾಂಡರ್ಡ್ ಹಾಳಾಗುತ್ತೆ." "ಬಾಡಿಗೆಯವರು ತುಂಬ್ಕೋತಾರೆ." "ಹೊರಗಿನವರು ಬರ್ತಾರೆ." ಬರಲಿರೋದು ಬಡವರ ವಸತಿ ಯೋಜನೆಯಾದರಂತೂ ಮುಗಿದೇಹೋಯ್ತು, ಕೆರೆಯ ಹೆಸರೂ ಎತ್ತಲ್ಲ, ನೇರವಾಗಿ "ಇಲ್ಲಿ ಬೇಡ" ಅಂತಾರೆ. ಸ್ವಾಮಿ, ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯೋ ಅಮ್ಮ, ನಿಮ್ಮ ಕಾರಿನ ಡ್ರೈವರ್, ನಿಮ್ಮ ಗೇಟಿನಲ್ಲಿ ರಾತ್ರಿಯೆಲ್ಲ ಕೂರೋ ಸೆಕ್ಯುರಿಟಿ, ಇವರೆಲ್ಲ ಎಲ್ಲಿರಬೇಕು? ಬೆಳಗ್ಗೆ ಆರಕ್ಕೆ ಬರಬೇಕು, ಆದರೆ ಹತ್ತಿರದಲ್ಲಿ ಇರಬಾರದು. ಇದ್ಯಾವ ಲೆಕ್ಕ?

ಇನ್ನೊಂದು. ಆಕ್ಷೇಪಣೆ ಬರೆಯುವ ಸಂಘದ ಕಟ್ಟಡವನ್ನೇ ಒಮ್ಮೆ ತಿರುಗಿ ನೋಡಿ. ಹದಿನೈದು ವರ್ಷದ ಹಿಂದೆ ಅಲ್ಲೂ ತೋಟ ಇತ್ತು, ಹಳೇ ಹಳ್ಳಿಯವರು ಆಗಲೂ ಗೊಣಗಿದ್ದರು. ರಷ್ ಇರೋ ಬಿಎಂಟಿಸಿ ಬಸ್ಸಿಗೆ ಹೇಗೋ ನುಗ್ಗಿ ಹತ್ತಿದವನೇ ಮುಂದಿನ ಸ್ಟಾಪಿನಲ್ಲಿ "ಜಾಗ ಇಲ್ಲ, ನಿಲ್ಲಿಸಬೇಡಿ, ಹೋಗಿ ಹೋಗಿ" ಅಂತ ಕಂಡಕ್ಟರಿಗಿಂತ ಜೋರಾಗಿ ಕೂಗೋದು. ಈ ಊರಿಗೆ ಜನ ಬರ್ತಾರೆ. ಕಲಬುರಗಿಯಿಂದ, ಹಾಸನದಿಂದ, ಬಿಹಾರದಿಂದ ಬರ್ತಾರೆ. ಬಂದವರಿಗೆ ಮನೆ ಬೇಕು. ಕಟ್ಟಬೇಡಿ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ನೀರೆಲ್ಲಿಂದ ತರ್ತೀರಿ, ಚರಂಡಿ ಎಲ್ಲಿಗೆ ಬಿಡ್ತೀರಿ, ಕಾಲುವೆ ಮೇಲೆ ಯಾಕೆ ಗೋಡೆ ಎತ್ತಿದ್ದೀರಿ ಅಂತ ಕೇಳೋ ಹಕ್ಕು ಮಾತ್ರ ಎಲ್ಲರಿಗೂ ಇದೆ. ಈ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಬಿಲ್ಡರಿಗೆ ಹಬ್ಬ. "ನೋಡಿ ಸಾರ್, ಇವರಿಗೆ ಪರಿಸರದ ಕಾಳಜಿ ಅಲ್ಲ, ಹೊಟ್ಟೆಕಿಚ್ಚು" ಅಂತ ಎರಡನೇ ಪುಟವನ್ನೇ ಅಧಿಕಾರಿಯ ಮುಂದೆ ಹಿಡೀತಾನೆ.

ಕಾಲುವೆಯ ಪ್ರಶ್ನೆ ಮಾತ್ರ ಬಿಡಬೇಡಿ. 2016ರಲ್ಲಿ ಕೋಡಿಚಿಕ್ಕನಹಳ್ಳಿಯ ರಸ್ತೆಯಲ್ಲಿ ಜನ ಬಲೆ ಹಾಕಿ ಮೀನು ಹಿಡಿದದ್ದನ್ನು ನೋಡಿದ್ದೀರಿ. ಕೋಡಿ ಅನ್ನೋ ಪದ ಹೆಸರಿನಲ್ಲೇ ಇತ್ತು, ಯಾರೂ ಓದಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯಿಂದ ಜನ ಟ್ರ್ಯಾಕ್ಟರ್ ಮೇಲೆ ಕೂತು ಹೊರಬಂದರು. ಕೋಟಿ ಬೆಲೆಯ ಕಾರು ನೀರಿನೊಳಗೆ, ಅದರ ಯಜಮಾನ ಟ್ರ್ಯಾಲಿಯಲ್ಲಿ. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನ ಕೆರೆಗೆ ಹೋಗಲೇಬೇಕು. ನಡುವೆ ಪ್ಲ್ಯಾನ್ ಪಾಸಾಗಿದೆಯೋ ಇಲ್ಲವೋ ಅಂತ ನೀರು ಕೇಳಲ್ಲ.

ಹಾಗಾದರೆ ಏನು ಮಾಡೋದು? ಬ್ಯಾನರ್ ಆಮೇಲೆ ಬರೆಸಿ. ಮೊದಲು ನಿಮ್ಮ ಹಳ್ಳಿಯ ಹಳೇ ಕಂದಾಯ ನಕ್ಷೆ ತಗೊಳ್ಳಿ, ಕಾಲುವೆ ಎಲ್ಲಿ ಹರಿದಿದೆ, ಖರಾಬು ಎಲ್ಲಿದೆ ನೋಡಿ. ಮಾಸ್ಟರ್ ಪ್ಲ್ಯಾನಿನಲ್ಲಿ ಅದೇ ಕಾಲುವೆ ಇದೆಯಾ, ಮಾಯವಾಗಿದೆಯಾ ಹೋಲಿಸಿ. ರಸ್ತೆಯ ಅಗಲದ ಮೇಲೆ ಎಷ್ಟು ಕಟ್ಟಬಹುದು ಅನ್ನೋದು ತೀರ್ಮಾನವಾಗುತ್ತೆ, ಆದ್ದರಿಂದ ಟೇಪ್ ಹಿಡಿದು ರಸ್ತೆ ಅಳೀರಿ. ಕಡತದಲ್ಲಿ ನಲವತ್ತು ಅಡಿ ಇದ್ದು ನೆಲದ ಮೇಲೆ ಇಪ್ಪತ್ತೆಂಟು ಬಂದರೆ ಅದೇ ನಿಮ್ಮ ಆಕ್ಷೇಪಣೆಯ ಮೊದಲ ಸಾಲು. ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ನಕ್ಷೆ, ಅನುಮತಿ ಪತ್ರ ಹಾಕಲೇಬೇಕು, ಇಳಿಸಿಕೊಂಡು ಓದಿ. ಪರಿಸರ ಅನುಮತಿ ಸಿಕ್ಕಿದ್ದರೆ ಅದರ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕೋಕೆ ಮೂವತ್ತು ದಿನ. ತಡವಾದದ್ದಕ್ಕೆ ಕಾರಣ ಒಪ್ಪಿದರೆ ಇನ್ನೂ ಅರವತ್ತು. ಅದರಾಚೆ ಬಾಗಿಲು ಹಾಕಿರುತ್ತೆ. ಪಾರ್ಕಿನ ಸಭೆಯಲ್ಲಿ ಅಧ್ಯಕ್ಷರು ಯಾರಾಗಬೇಕು ಅಂತ ಜಗಳವಾಡಿ ಈ ದಿನಗಳನ್ನು ಕಳೆಯುವ ಸಂಘಗಳನ್ನು ನೋಡಿ ನೋಡಿ ಸಾಕಾಗಿದೆ.

ಸರ್ಕಾರಕ್ಕೆ ನನ್ನದೊಂದೇ ಪ್ರಶ್ನೆ. ಆ ತಗಡಿನ ಶೀಟಿನ ಮೇಲೆ ಈಜುಕೊಳದ ಚಿತ್ರ ಹಾಕೋಕೆ ಜಾಗ ಇದೆ. ಸರ್ವೆ ನಂಬರ್ ಏನು, ಎಷ್ಟು ಮನೆ, ನೀರು ಎಲ್ಲಿಂದ, ಆಕ್ಷೇಪಣೆಗೆ ಕೊನೇ ದಿನ ಯಾವುದು, ಯಾವ ಕಚೇರಿಗೆ ಕೊಡಬೇಕು ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪ್ಲ್ಯಾನ್ ಪಾಸಾಗುವ ಮೊದಲು ಅದೇ ಜಾಗದ ಮುಂದೆ ಬೋರ್ಡು ಹಾಕಿಸೋಕೆ ನಿಮಗೇನು ಕಷ್ಟ? ಮನೆಗೆ ಮನೆ ತಿರುಗಿ ಹೇಳಿ ಅಂತ ಕೇಳ್ತಿಲ್ಲ, ಒಂದು ಬೋರ್ಡು ಅಷ್ಟೇ. ಸಂಬಂಧಪಟ್ಟ ಸಚಿವರು ಈ ಕಾರ್ಯಕ್ರಮ ನೋಡುತ್ತಿದ್ದರೆ ಫೋನ್ ಮಾಡಬಹುದು, ಸಾಲು ಖಾಲಿ ಇದೆ.