ಗಿಡಕ್ಕಿಂತ ನಕ್ಷೆಯೇ ತುಟ್ಟಿ



ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬಂದಾಗ ನಮ್ಮ ಧರೂರು ಮಂಡಲದ ರೇವುಲಪಲ್ಲಿ ಹತ್ತಿರ ಜೂರಾಲ ಅಣೆಕಟ್ಟಿನ ಗೇಟು ತೆಗೆಯುತ್ತಾರೆ. ಗದ್ವಾಲ, ಮಕ್ತಲ್ ಕಡೆಯಿಂದ, ಅತ್ತ ರಾಯಚೂರಿನಿಂದಲೂ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಾರೆ. ನೀರು ನೋಡಿ, ಬುತ್ತಿ ಬಿಚ್ಚಿ ಕುಳಿತಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಮ್ಮೂರಲ್ಲೂ ಮಕ್ಕಳು ಆಡಲಿಕ್ಕೆ, ಮುದುಕರು ಕೂಡಲಿಕ್ಕೆ ಒಂದು ಪಾರ್ಕು ಬೇಕಪ್ಪಾ." ಆಸೆ ಒಳ್ಳೆಯದು. ಆ ಆಸೆಯ ಹಿಂದೆ ಬರುವ ಒಂದು ಖರ್ಚಿನ ಬಗ್ಗೆ ಈ ಹೊತ್ತು ನಿಮ್ಮ ಜೊತೆ ನಾಲ್ಕು ಮಾತು ಆಡುತ್ತೇನೆ. ಅದು ಸಲಹೆಗಾರರ ಖರ್ಚು. ಕಚೇರಿ ಭಾಷೆಯಲ್ಲಿ ಕನ್ಸಲ್ಟೆಂಟ್ ಫೀಸು.

ನಾನು ಹೆಚ್ಚು ಓದಿದವನಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಪಾರ್ಕು ಕಟ್ಟುವ ವಿದ್ಯೆ ನನಗೆ ಬಾರದು. ಆದರೆ ಜಮಾ-ಖರ್ಚು ನೋಡಿ ನೋಡಿ ಪಳಗಿದ ಕಣ್ಣು ನನ್ನದು.

ಒಂದು ಸಣ್ಣ ಊರಿನ ಶಾಖೆಯಲ್ಲಿ ನಾನಿದ್ದಾಗ ಅಲ್ಲಿನ ಪುರಸಭೆಯ ಪಾರ್ಕಿನ ಖಾತೆ ನಮ್ಮಲ್ಲಿತ್ತು. ಆ ಊರು ಯಾವುದೆಂದು ಕೇಳಬೇಡಿ. ಗಿರಾಕಿಯ ಖಾತೆಯನ್ನು ಬೀದಿಗೆ ತರುವುದು ಬ್ಯಾಂಕಿನವನ ಧರ್ಮವಲ್ಲ. ಮೊದಲು ಸಲಹೆಗಾರರ ಹೆಸರಿಗೆ ಒಂದು ಚೆಕ್ಕು ಬಂತು. ಆಮೇಲೆ ಸರ್ವೆಗೆ ಒಂದು, ನಕ್ಷೆ ತಿದ್ದಿದ್ದಕ್ಕೆ ಒಂದು, ಬಂದು ಹೋದದ್ದಕ್ಕೆ ಒಂದು. ಅತ್ತ ಗಿಡಗಳಿಗೆ ನೀರು ಹಾಕಲು ಇಟ್ಟುಕೊಂಡ ಮಾಲಿ ಪ್ರತಿ ವಾರ ಕೌಂಟರಿಗೆ ಬಂದು ತೆಲುಗಿನಲ್ಲಿ ಕೇಳುತ್ತಿದ್ದ: "ಸಾರ್, ಜೀತಂ ಪಡಿಂದಾ?" ಜೀತಂ ಅಂದರೆ ಪಗಾರ ಎಂದು ನಮಗೆಲ್ಲ ಗೊತ್ತು. ಕನ್ನಡದಲ್ಲಿ ಜೀತ ಅಂದರೆ ಏನೆಂಬುದೂ ಗೊತ್ತು. ಮೂರು ತಿಂಗಳು ಜೀತಂ ಇಲ್ಲದೆ ಅವನು ಮಾಡಿದ್ದು ಕನ್ನಡದ ಜೀತವೇ. ಬೇಸಿಗೆ ಹತ್ತಿರ ಬಂದಾಗ ಅವನು ಕೂಲಿ ಹುಡುಕಿಕೊಂಡು ಹೈದರಾಬಾದಿಗೆ ಹೋದ. ಸಸಿಗಳು ಒಣಗಿದವು. ಕಚೇರಿಯ ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಮಾತ್ರ ಗಿಡಗಳು ಹಸಿರಾಗಿದ್ದವು.

ಇದರಲ್ಲಿ ಯಾರೂ ಕದ್ದಿರಲಿಲ್ಲ, ಅದನ್ನು ನೀವು ಗಮನಿಸಬೇಕು. ಪ್ರತಿ ಬಿಲ್ಲಿಗೂ ಒಂದು ಕಾರಣವಿತ್ತು. ಹಾಗಾದರೆ ಖರ್ಚು ಬೆಳೆದದ್ದು ಹೇಗೆ? ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಬರೀ ಲೆಕ್ಕಕ್ಕಾಗಿ, ಯಾವ ಊರಿನವೂ ಅಲ್ಲ.

ಪಾರ್ಕಿನ ಅಂದಾಜು 50 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಸಲಹೆಗಾರರ ಫೀಸು 100ಕ್ಕೆ 5. ಅಂದರೆ ಎರಡೂವರೆ ಲಕ್ಷ. ಸಭೆಯಲ್ಲಿ ಎಲ್ಲರೂ ತಲೆ ಅಲ್ಲಾಡಿಸಿ ಒಪ್ಪುತ್ತಾರೆ. ಸ್ವಲ್ಪ ದಿನಕ್ಕೆ ಒಬ್ಬರು ಕಾರಂಜಿ ಬೇಕೆನ್ನುತ್ತಾರೆ, ಇನ್ನೊಬ್ಬರು ದೊಡ್ಡ ಕಮಾನು ಬೇಕೆನ್ನುತ್ತಾರೆ. ಅಂದಾಜು 70 ಲಕ್ಷಕ್ಕೆ ಏರುತ್ತದೆ. ಫೀಸು 100ಕ್ಕೆ 5 ಎಂದು ಬರೆದುಕೊಟ್ಟಾಗಿದೆ, ಹಾಗಾಗಿ ಅದೂ ಮೂರೂವರೆ ಲಕ್ಷವಾಗುತ್ತದೆ. ಒಂದು ಬೇವಿನ ಸಸಿಯೂ ಹೆಚ್ಚಾಗದೆ ಒಂದು ಲಕ್ಷ ಹೋಯಿತು. ಇನ್ನು ಜಾಗದ ಸರ್ವೆ 40 ಸಾವಿರ. ಮಣ್ಣು, ನೀರು ಪರೀಕ್ಷೆ 25 ಸಾವಿರ. ನಕ್ಷೆ ತಿದ್ದಿದ್ದು 75 ಸಾವಿರ. ಸಲಹೆಗಾರರು 12 ಸಲ ಬಂದು ಹೋದದ್ದು, ಸಲಕ್ಕೆ 5 ಸಾವಿರದಂತೆ 60 ಸಾವಿರ. ಈ ನಾಲ್ಕೂ ಸೇರಿ 2 ಲಕ್ಷ. ಎರಡೂವರೆ ಲಕ್ಷ ಎಂದುಕೊಂಡದ್ದು ಐದೂವರೆ ಲಕ್ಷಕ್ಕೆ ನಿಂತಿತು. ಮೇಲೆ ಬಿದ್ದದ್ದು 3 ಲಕ್ಷ. ಮಾಲಿಗೆ ತಿಂಗಳಿಗೆ 10 ಸಾವಿರ ಕೊಟ್ಟರೆ ಅದು 30 ತಿಂಗಳ ಪಗಾರ. ಎರಡು ಬೇಸಿಗೆ ಗಿಡ ಬದುಕಿಸುವ ದುಡ್ಡು ಅದು.

ಪಾರ್ಕಿಗೆ ಸಿಗುವ ಹಣ ಮೊದಲೇ ಕಡಿಮೆ. 2015ರ ಜೂನ್ 25ರಂದು ಕೇಂದ್ರ ಸರಕಾರ 500 ಪಟ್ಟಣಗಳಿಗಾಗಿ ಅಮೃತ್ ಯೋಜನೆ ಆರಂಭಿಸಿತು. ನಮ್ಮ ಒಂದು ಮಗ್ಗುಲಿನ ಮಹಬೂಬ್‌ನಗರ, ಇನ್ನೊಂದು ಮಗ್ಗುಲಿನ ರಾಯಚೂರು ಎರಡೂ ಅದರಲ್ಲಿದ್ದವು. ಆ ಯೋಜನೆಯಲ್ಲಿ ಪಾರ್ಕುಗಳಿಗೆಂದು ಇಟ್ಟದ್ದು 100 ರೂಪಾಯಿಗೆ ಹೆಚ್ಚೆಂದರೆ ಎರಡೂವರೆ ರೂಪಾಯಿ. ಇಷ್ಟು ಸಣ್ಣ ಗಂಟಿನಲ್ಲಿ ಕಾಗದದ ಖರ್ಚು ಬೆಳೆದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಹಿಂದೆ ಈ ಖರ್ಚು ಕಾಣುತ್ತಿರಲಿಲ್ಲ. ಮೈಸೂರಿನ ಬೃಂದಾವನವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಲ್ಲಿ ಕೆಲಸ ಆರಂಭವಾಗಿ 1932ರಲ್ಲಿ ಮುಗಿಯಿತು. ಅದರ ವಿನ್ಯಾಸ ಮಾಡಿದ ಕ್ರುಂಬಿಗಲ್ ಜರ್ಮನಿಯವರು. ಆದರೆ ಅವರು 1908ರಿಂದಲೇ ಬೆಂಗಳೂರಿನ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದವರು, ಸರಕಾರದ ಸಂಬಳದವರು. ಇಂದು ಸಣ್ಣ ಪುರಸಭೆಯಲ್ಲಿ ಅಂಥ ತೋಟದ ತಜ್ಞರು ಎಲ್ಲಿ? ಇರುವ ಒಬ್ಬ ಇಂಜಿನಿಯರು ರಸ್ತೆ, ಚರಂಡಿ, ಕುಡಿಯುವ ನೀರು ಎಲ್ಲವನ್ನೂ ನೋಡಬೇಕು. ಅದಕ್ಕೇ ಹೊರಗಿನವರನ್ನು ಕರೆಯಬೇಕಾಗುತ್ತದೆ.

ಇದು ಬಡ ಊರುಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಲಂಡನ್ ಪಟ್ಟಣದಲ್ಲಿ ಥೇಮ್ಸ್ ನದಿಯ ಮೇಲೆ ಸೇತುವೆ ಕಟ್ಟಿ, ಸೇತುವೆಯ ಮೇಲೆಯೇ 270 ಮರಗಳ ತೋಟ ಬೆಳೆಸಬೇಕೆಂದು ಹೊರಟಿದ್ದರು. ನಕ್ಷೆ, ಸಲಹೆ, ವಕೀಲರು, ಗುತ್ತಿಗೆ ಎಂದು ಹಣ ಹೋಗುತ್ತಲೇ ಇತ್ತು. ನದಿಯ ಎರಡೂ ದಡದ ಜಾಗ ಕೈಗೆ ಬರುವ ಮೊದಲೇ ಗುತ್ತಿಗೆಗೆ ರುಜು ಹಾಕಿದ್ದರು. ಕೊನೆಗೆ 2017ರ ಆಗಸ್ಟ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟರು. ಖರ್ಚಾದದ್ದು ಸುಮಾರು 5 ಕೋಟಿ 35 ಲಕ್ಷ ಪೌಂಡು, ಅದರಲ್ಲಿ 4 ಕೋಟಿ 30 ಲಕ್ಷ ಜನರ ಹಣ. ನೆಟ್ಟ ಗಿಡ ಒಂದೂ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಚಾಳಿ ಎಲ್ಲ ದೇಶದಲ್ಲೂ ಇದೆ.

ಹಾಗೆಂದು ಸಲಹೆಗಾರರೇ ಬೇಡ ಎನ್ನುವುದು ತಪ್ಪಾದೀತು. ನಮ್ಮ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮಣ್ಣು ನೋಡದೆ ಕಟ್ಟಿದ ಕಾಂಪೌಂಡು ಗೋಡೆ ಎರಡೇ ವರ್ಷದಲ್ಲಿ ಸೀಳು ಬಿಡಬಹುದು. ಅಲ್ಲಿ ಪರೀಕ್ಷೆಗೆ ಕೊಟ್ಟ ಹಣ ಉಳಿಸಿದ ಹಣವೇ. ಆದರೆ ಬೇವು, ಹೊಂಗೆ, ಹುಣಸೆ ನೆಡಲಿಕ್ಕೆ ಯಾವ ವರದಿ ಬೇಕು? ವೇಪ, ಕಾನುಗ, ಚಿಂತ ಎಂದು ತೆಲುಗಿನಲ್ಲಿ ಕರೆದರೂ ನಮ್ಮ ಮಣ್ಣಿಗೆ ಒಗ್ಗಿದವು ಇವೇ. 2020ರಿಂದ ತೆಲಂಗಾಣದ ಹಳ್ಳಿ ಹಳ್ಳಿಯಲ್ಲೂ ಪಲ್ಲೆ ಪ್ರಕೃತಿ ವನಗಳಾದವು. ಪಂಚಾಯಿತಿಯ ನರ್ಸರಿಯ ಸಸಿ, ಆಗಿನ ಉದ್ಯೋಗ ಖಾತರಿಯ ಕೂಲಿ. ನೀರು ಹಾಕುವವರು ಇದ್ದಲ್ಲಿ ಅವು ನಿಂತವು, ಇಲ್ಲದಲ್ಲಿ ಒಣಗಿದವು. ನೆಟ್ಟ ಸಸಿಗಳಲ್ಲಿ 100ಕ್ಕೆ 85 ಬದುಕಬೇಕೆಂದು 2018ರ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ನಕ್ಷೆ ಇಷ್ಟು ಚೆಂದ ಇರಬೇಕೆಂದು ಅದು ಎಲ್ಲೂ ಹೇಳಿಲ್ಲ.

ಆದ್ದರಿಂದ ನಿಮ್ಮ ಊರಿಗೆ ಪಾರ್ಕು ಮಂಜೂರಾದ ದಿನವೇ, ಹಾರ ತುರಾಯಿ ಮುಗಿದ ಮೇಲೆ, ಎದ್ದು ನಿಂತು ಐದು ಮಾತು ಕೇಳಿರಿ.

ಒಂದು, ಜಾಗದ ಕಾಗದ ಪೂರ್ತಿ ಕೈಯಲ್ಲಿದೆಯೇ?

ಎರಡು, ಸಲಹೆಗಾರರ ಫೀಸು ಗೊತ್ತುಮಾಡಿದ ಒಂದೇ ಮೊತ್ತವೋ, ಅಂದಾಜಿನ ಜೊತೆ ಏರುವ ಶೇಕಡಾವಾರೋ? ಶೇಕಡಾವಾರು ಆದರೆ ಮೊದಲ ಅಂದಾಜಿನ ಮೇಲೆ ಮಾತ್ರ ಎಂದು ಬರೆಸಿರಿ.

ಮೂರು, ಆ ಫೀಸಿನಲ್ಲಿ ಎಷ್ಟು ನಕ್ಷೆ, ಎಷ್ಟು ಭೇಟಿ, ಯಾವ ಯಾವ ಪರೀಕ್ಷೆ ಸೇರಿವೆ? ನಾವೇ ಮನಸ್ಸು ಬದಲಿಸಿದರೆ ತಿದ್ದುವ ಖರ್ಚು ಯಾರದು?

ನಾಲ್ಕು, ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದಾರೆಯೇ? ಪಾರ್ಕು ಒದಗಿಸುವುದು ಸಂವಿಧಾನದ 12ನೆಯ ಅನುಸೂಚಿಯಲ್ಲಿ ಬರುವ ಪುರಸಭೆಯ ಕೆಲಸ. ಅಂಥ ಕೆಲಸಕ್ಕೆ, ಸಾಮಾನು ಸೇರದ ಬರೀ ಸಲಹೆಯ ಸೇವೆಯನ್ನು ಪುರಸಭೆಗೆ ಕೊಟ್ಟರೆ 2017ರ ಜಿಎಸ್‌ಟಿ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಬಿಲ್ಲಿನಲ್ಲಿ 100ಕ್ಕೆ 18 ಎಂದು ಕಂಡರೆ ಕಾರಣ ಕೇಳಿರಿ.

ಐದು, ಕೊನೆಯ ಕಂತು ಯಾವಾಗ? ಗಿಡಗಳು ಒಂದು ಬೇಸಿಗೆ ದಾಟಿದ ಮೇಲೆ ಕೊಡುವಂತೆ ಸ್ವಲ್ಪ ಹಣ ಹಿಡಿದಿಡಿರಿ. ಮಾಲಿಯ ಎರಡು ವರ್ಷದ ಪಗಾರವನ್ನು ಬೇರೆ ಖಾತೆಯಲ್ಲಿ ಮೊದಲೇ ತೆಗೆದಿಡಿರಿ.

ಬಾಯಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. ಅರ್ಜಿ ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ಜಗಳ ಬೇಡ, ಸಿಟ್ಟು ಬೇಡ. ಮದುವೆ ಮನೆಯಲ್ಲಿ ಅಡಿಗೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳುತ್ತೇವಲ್ಲ, ಹಾಗೆ ಮಾತಾಡಿಕೊಂಡರೆ ಸಾಕು. ಸಲಹೆಗಾರರಿಗೂ ಅದೇ ಒಳ್ಳೆಯದು. ಮಾತು ಸ್ಪಷ್ಟವಿದ್ದರೆ ಅವರ ಹಣವೂ ತಡವಾಗುವುದಿಲ್ಲ.

ಹೈದರಾಬಾದಿಗೆ ಹೋದ ಆ ಮಾಲಿ ಮತ್ತೆ ನಮ್ಮ ಶಾಖೆಗೆ ಬರಲಿಲ್ಲ. ಅವನ ಪಗಾರ ಜಮಾ ಆದದ್ದು ಅವನು ಹೋಗಿ ಎರಡು ತಿಂಗಳಾದ ಮೇಲೆ. ಆ ಚೀಟಿ ಬರೆದದ್ದು ನನ್ನ ಕೈಯೇ. ನಿಮ್ಮ ಊರಿನ ಪಾರ್ಕಿನಲ್ಲಿ ಹಾಗಾಗದಿರಲಿ.